ಮರುಭೂಮಿಯ ಎಡಮೂಲೆ

ಇವತ್ತು ಬೆಳಿಗ್ಗೆ ಕ್ಯಾಮೆರಾ ಬ್ಯಾಗನ್ನು ಬೋರಲು ಹಾಕಿ ಕೊಡವಿದೆ. ಒಳಗಿಂದ ಜಿರಳೆ ಬೀಳಬಹುದೆಂಬ ಅನುಮಾನವಿದ್ದುದರಿಂದ ಕೈಯನ್ನು ಆದಷ್ಟು ಮುಂದೆ ಚಾಚಿ, ಮೈಯನ್ನು ಆದಷ್ಟು ಹಿಂದೆ ಇಟ್ಟುಕೊಂಡು ಕೊಡವಿದ್ದು. ಜಿರಳೆ ಬೀಳಲಿಲ್ಲ. ಬ್ಯಾಗಿನ ಹೊಲಿಗೆ ಸಂದಿಯಿಂದ ಸರ್ರನೆ ಒಂದಿಷ್ಟು ಮರಳು ಬಿತ್ತು. ಒಂದಿಷ್ಟು ಎಂದರೆ ಸಾರಿಗೆ ಹಾಕುವ ಉಪ್ಪಿನಷ್ಟು.

"ಈಗ್ತಾನೆ ಗುಡ್ಸಿದ್ನಲ್ರೀ" ಎಂದಳು ನನ್ನ ಹೆಂಡತಿ ರತ್ನ, ಅಡುಗೆಮನೆಯಿಂದಲೇ. ಗೋಡೆಯ ಆಚೆ ಇರುವವಳಿಗೆ ಈಚೆ ಮರಳು ಬಿದ್ದದ್ದು ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಕೇಳಬಾರದ ಪ್ರಶ್ನೆಗಳ ಪಟ್ಟಿಯೊಂದು ನನ್ನ ಬಳಿ ಇದೆ.

ಆ ಮರಳನ್ನು ನೋಡುತ್ತ ನೋಡುತ್ತ ಕಣ್ಣು ತಾನಾಗಿ ಎದುರಿನ ಗೋಡೆಗೆ ಹೋಯಿತು. ಅಲ್ಲಿ ಮೂರು ವರ್ಷದಿಂದ ಒಂದು ಫೋಟೋ ಇದೆ. ಮರುಭೂಮಿಯ ಸೂರ್ಯಾಸ್ತ. ಆಕಾಶ ಮೇಲೆ ನೇರಳೆ, ಕೆಳಗೆ ಇಳಿಯುತ್ತಿದ್ದಂತೆ ಕಾವಿ, ಸೂರ್ಯನ ಸುತ್ತ ಕಾಯಿಸಿದ ತುಪ್ಪದ ಬಣ್ಣ. ಮರಳಿನ ದಿಬ್ಬದ ಬೆನ್ನು ಚಾಕುವಿನಿಂದ ಕುಯ್ದ ಹಾಗೆ ಚೂಪು. ಮನೆಗೆ ಬಂದವರೆಲ್ಲ ಅದರೆದುರು ನಿಂತು, "ಯಾವ ಮರುಭೂಮಿ ಸಾರ್ ಇದು?" ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮುಂಚೆ ರತ್ನ, "ಅದು ಇವರ್ದು" ಎಂದು ಹೇಳಿ ಕಾಫಿ ತರಲು ಎದ್ದು ಹೋಗುತ್ತಾಳೆ. ಬಂದವರು ನನ್ನನ್ನು ಗೌರವದಿಂದ ನೋಡುತ್ತಾರೆ. ಆ ಎರಡು ಪದಗಳಲ್ಲಿ ಎಷ್ಟು ಮುಳ್ಳಿದೆಯೆಂದು ಅವರಿಗೇನು ಗೊತ್ತು! ನಿಮಗೆ ಹೇಳುತ್ತೇನೆ.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಮ್ಮ ಮನೆ ನಂಜನಗೂಡಿನಲ್ಲಿ. ನೌಕರಿ ತಿ. ನರಸೀಪುರದ ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ. ಯಾರಾದರೂ ಹಳೆಯ ಕಾಗದದ ನಕಲು ಬೇಕೆಂದು ಅರ್ಜಿ ಹಾಕಿದರೆ, ಬರೆದು ಸಿದ್ಧವಾದ ನಕಲನ್ನು ಅಸಲಿನ ಪಕ್ಕದಲ್ಲಿಟ್ಟು, ಎರಡರ ಮೇಲೂ ಒಂದೊಂದು ಬೆರಳಿಟ್ಟು, ಸಾಲು ಸಾಲಾಗಿ ಹೋಲಿಸಿ, ಕೊನೆಗೆ "ಅಸಲಿನೊಂದಿಗೆ ತಾಳೆ ನೋಡಿದೆ" ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದ ಮನುಷ್ಯನಿಗೆ ಪ್ರಪಂಚವೆಲ್ಲ ನಕಲಿನ ಹಾಗೆ ಕಾಣುತ್ತದೆ. ರಸಬಾಳೆಯ ಊರಿನಲ್ಲೇ ಹುಟ್ಟಿ ಬೆಳೆದರೂ ಗಾಡಿಯ ಮೇಲಿನ ರಸಬಾಳೆಯನ್ನು ಇವತ್ತಿಗೂ ಮೂಸಿ, ಒತ್ತಿ, ತೊಟ್ಟು ತಿರುಗಿಸಿ ನೋಡದೆ ಕೊಂಡವನಲ್ಲ. "ಸಾ, ಬಾಳೆಹಣ್ಣು ಕಣ್ ಸಾ ಇದು, ಎಣ್ಣು ನೋಡಾಕ್ ಬಂದಂಗ್ ನೋಡ್ತೀರಲ್ಲ" ಎಂದು ಗಾಡಿಯವನು ಒಮ್ಮೆ ಬೈದಿದ್ದ.

ರತ್ನ ತಾಂಡವಪುರದ ಕಡೆಯ ಶಾಲೆಯೊಂದರಲ್ಲಿ ಸಮಾಜ ಪಾಠದ ಮೇಡಂ. ವರ್ಷಕ್ಕೊಮ್ಮೆ ಅವಳ ಪಾಠದಲ್ಲಿ ಥಾರ್ ಮರುಭೂಮಿ ಬರುತ್ತದೆ. ಕಪ್ಪು ಹಲಗೆಯ ಮೇಲೆ ಅಲೆ ಅಲೆಯಾಗಿ ಗೆರೆ ಎಳೆದು, ಪಕ್ಕದಲ್ಲೊಂದು ಒಂಟೆ ಬರೆದು — ಅವಳ ಒಂಟೆ ಬೆನ್ನು ಊದಿದ ಕುರಿಯ ಹಾಗಿರುತ್ತದೆ, ಇದನ್ನು ನಾನು ಅವಳಿಗೆ ಹೇಳಿಲ್ಲ — ಪಾಠ ಮಾಡುತ್ತಾಳೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನೀವು ನೋಡಿದ್ದೀರಾ?" ಎಂದು ಕೇಳಿದಳಂತೆ. ಆ ದಿನ ರತ್ನ ಮನೆಗೆ ಬಂದವಳು ಚೀಲವನ್ನೂ ಇಳಿಸದೆ, "ರೀ, ಸಾಯೋದ್ರೊಳಗೆ ಒಂದ್ಸಲ ಮರುಭೂಮಿ ನೋಡ್ಬೇಕು ಕಣ್ರೀ. ನೀವೂ ಬರ್ಬೇಕು" ಎಂದಳು. ಚಿನ್ನ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಮರಳು ಕೇಳಿದಳು.

ನಾನು ಆಗಲಿ ಎಂದೆ. ಆಗಲಿ ಎನ್ನುವುದಕ್ಕೂ ಆಗುವುದಕ್ಕೂ ನಡುವೆ ನನ್ನಂಥವನ ತಲೆಯಲ್ಲಿ ಎಷ್ಟು ಪುಕ್ಕಲುತನ ವಾಸ ಮಾಡಬಹುದೋ ಅಷ್ಟೂ ಮಾಡಿತು. ಎರಡು ಹಗಲು ಎರಡು ರಾತ್ರಿ ರೈಲು. ರೈಲಿನ ನೀರು ನಂಬುವಂಥದೆ? ಅಲ್ಲಿಯ ಬಿಸಿಲು ತಲೆಗೆ ಏರಿದರೆ? ಒಂಟೆ ಉಗಿಯುತ್ತದಂತೆ, ಉಗಿದರೆ ಎಷ್ಟು ದೂರ ಉಗಿಯುತ್ತದೆ? ಒಂದು ರಜೆಯಲ್ಲಿ ಟಿಕೆಟ್ಟು ತೆಗೆದು ನನ್ನ ಹೊಟ್ಟೆಯ ಕಾರಣದಿಂದ ರದ್ದು ಮಾಡಿಸಿದೆ. ಇನ್ನೊಂದು ರಜೆಯಲ್ಲಿ ತೆಗೆದು ಹೊಟ್ಟೆ ಕೆಡಬಹುದೆಂಬ ಕಾರಣದಿಂದ ರದ್ದು ಮಾಡಿಸಿದೆ. ರತ್ನ ಎರಡು ಸಲವೂ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಬೀರುವಿಗೆ ಜೋಡಿಸಿದಳು. ಎರಡನೇ ಸಲ ಜೋಡಿಸುವಾಗ ಬೀರುವಿನ ಬಾಗಿಲು ಸ್ವಲ್ಪ ಜೋರಾಗಿ ಮುಚ್ಚಿಕೊಂಡಿತು.

ಆಗಲೇ ನನಗೊಂದು ಉಪಾಯ ಹೊಳೆದದ್ದು. ಮರಳಿಗಾಗಿ ರಾಜಸ್ಥಾನಕ್ಕೆ ಯಾಕೆ ಹೋಗಬೇಕು? ನಾನು ನೌಕರಿ ಮಾಡುವ ತಾಲ್ಲೂಕಿನಲ್ಲೇ ತಲಕಾಡು ಇದೆ. ಹೆಂಗಸೊಬ್ಬಳ ಶಾಪದಿಂದ ಊರಿಗೆ ಊರೇ ಮರಳಿನಲ್ಲಿ ಹೂತುಹೋಯಿತೆಂದು ನಾವೆಲ್ಲ ಕೇಳಿ ಬೆಳೆದ ಜಾಗ. ಆ ಕತೆಯಿಂದ ಗಂಡಸರು ಕಲಿಯಬೇಕಾದ ಪಾಠವನ್ನು ಬಿಟ್ಟು ಬರೀ ಮರಳನ್ನು ಮಾತ್ರ ನೆನಪಿಟ್ಟುಕೊಂಡು, ಒಂದು ಭಾನುವಾರ ರತ್ನಳನ್ನು ಹೊರಡಿಸಿದೆ. ಹೆಗಲ ಮೇಲೆ ಬಸಣ್ಣನಿಂದ ಕೊಂಡ ಹಳೆಯ ಕ್ಯಾಮೆರಾ.

ಬಸಣ್ಣ ಎಂದರೆ ನಂಜನಗೂಡಿನಲ್ಲಿ ನಮ್ಮ ಬೀದಿಯ ತುದಿಯ ಸ್ಟುಡಿಯೋದವನು. ಅವನ ಬಗ್ಗೆ ನನಗೆ ತಲೆಮಾರಿನ ಅನುಮಾನ. ನನ್ನ ಮದುವೆಗೆ ಮುಂಚೆ ಹೆಣ್ಣಿನ ಕಡೆಗೆ ಕಳಿಸುವ ಫೋಟೋ ತೆಗೆದವರು ಅವನ ಅಪ್ಪ. ನನ್ನ ಎಡಗೆನ್ನೆಯ ಮೇಲೊಂದು ಹುರುಳಿಕಾಳಿನಂಥ ಮಚ್ಚೆಯಿದೆ. ಅವರು ಯಾರನ್ನೂ ಕೇಳದೆ ಪೆನ್ಸಿಲಿನಿಂದ ಟಚಪ್ ಮಾಡಿ ಅದನ್ನು ತೆಗೆದುಹಾಕಿದ್ದರು. ಕವಲಂದೆಯಲ್ಲಿ ಹೆಣ್ಣು ನೋಡುವ ದಿನ ರತ್ನ ಕಾಫಿ ಲೋಟ ಹಿಡಿದುಕೊಂಡು ನನ್ನ ಕೆನ್ನೆಯನ್ನೇ ನೋಡುತ್ತ ನಿಂತುಬಿಟ್ಟಳು. ಆಮೇಲೆ ತನ್ನ ಅಮ್ಮನ ಕಿವಿಯಲ್ಲಿ, "ಫೋಟೋದೋರು ಇವ್ರೇನಾ, ಇವರಣ್ಣನಾ?" ಎಂದು ಕೇಳಿದಳಂತೆ. ನನಗೆ ಅಣ್ಣನಿಲ್ಲ.

ಬಸಣ್ಣ ಕ್ಯಾಮೆರಾ ಕೊಡುವಾಗ ಹೇಳಿದ್ದ: "ಸಾ, ರಾ ಅಲ್ಲಿ ತಗೀರಿ."

"ರಾ ಅಂದ್ರೆ?"

"ಅಸಿ ಸಾ. ಬೇಯ್ಸಿಲ್ದೇ ಇರೋ ಫೋಟೋ. ಕ್ಯಾಮೆರಾ ಕಂಡಿದ್ದೆಲ್ಲಾ ಅಂಗೇ ಇರ್ತದೆ. ಆಮೇಕ್ ನಾವು ಬೇಕಾದಂಗೆ ಬೇಯ್ಸ್ಕೋಬೋದು. ಏನೂ ಕಳ್ದೋಗಲ್ಲ."

ಹಸಿ ಈರುಳ್ಳಿಯೂ ಆಗದ ಹೊಟ್ಟೆ ನನ್ನದು. ಆದರೆ ಏನೂ ಕಳೆದುಹೋಗುವುದಿಲ್ಲ ಎಂಬ ಮಾತು ನನ್ನಂಥ ದಿಗಿಲುಬುರುಕನಿಗೆ ವೇದವಾಕ್ಯ. ಅವತ್ತಿನಿಂದ ನಾನು ತೆಗೆದದ್ದೆಲ್ಲ ಹಸಿ.

ತಲಕಾಡಿನಲ್ಲಿ ಸೂರ್ಯ ಇಳಿಯುವ ಹೊತ್ತು. ಜನ ಬುತ್ತಿ ಬಿಚ್ಚಿ ಉಂಡು ಎದ್ದು ಹೋಗಿದ್ದರು. ಅವರ ತಟ್ಟೆಗಳು ಹೋಗಿರಲಿಲ್ಲ. ನಾನು ಮರಳಿನ ಏರಿನ ಕೆಳಗೆ ಮಂಡಿಯೂರಿ, ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ಕ್ಯಾಮೆರಾದೊಳಗೆ ಮರಳು ಹೋಗುತ್ತದೆಯೇ ಎಂಬುದೊಂದು ಚಿಂತೆ, ನರಸೀಪುರದ ಬಸ್ಸು ತಪ್ಪುತ್ತದೆಯೇ ಎಂಬುದು ಇನ್ನೊಂದು. ರತ್ನ ಕಾಲು ತೊಳೆಯಲು ಹೊಳೆಗೆ ಇಳಿದಿರಬೇಕೆಂದುಕೊಂಡಿದ್ದೆ. ಹೊಳೆಯಲ್ಲಿ ಸುಳಿ ಇದೆಯೇನೋ ಎಂಬ ಮೂರನೆಯ ಚಿಂತೆ ಹುಟ್ಟುವಷ್ಟರಲ್ಲಿ ಸೂರ್ಯ ಮುಳುಗಿದ. ತಿರುಗಿ ನೋಡಿದರೆ ಅವಳು ಯಾವಾಗ ಬಂದಳೋ, ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಹಿಂದೆ ನಿಂತಿದ್ದಳು. "ಆಯ್ತಾ?" ಎಂದಳು. ಆಯ್ತು ಎಂದೆ. ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು, ಮುಖದಲ್ಲೊಂದು ಸಣ್ಣ ಗೆಲುವು. ಯಾಕಿರಬಹುದೆಂದು ಅನುಮಾನಪಟ್ಟೆ. ಕೇಳಲಿಲ್ಲ.

ಮಾರನೆಯ ದಿನ ಬಸಣ್ಣನ ಕಂಪ್ಯೂಟರಿನಲ್ಲಿ ನನ್ನ ಹಸಿ ಮರುಭೂಮಿ ತೆರೆದುಕೊಂಡಿತು. ನೋಡಿ ಎದೆ ಒಡೆಯಿತು. ಕಣ್ಣಿಗೆ ಕಂಡಿದ್ದ ಕೆಂಪು ಎಲ್ಲೂ ಇಲ್ಲ. ಆಕಾಶ ನಿನ್ನೆಯ ಅಂಬಲಿ, ಮರಳು ಇವತ್ತಿನ ಬೂದಿ. ಜೊತೆಗೆ ಒಂದು ಲೈಟು ಕಂಬ, ಎರಡು ನೀಲಗಿರಿ ಮರ, ಮೂರು ತಟ್ಟೆ. ದಿಗಂತ ಬೇರೆ ಬಲಕ್ಕೆ ವಾಲಿತ್ತು.

"ಎದ್ರುಕೋಬ್ಯಾಡಿ ಸಾ. ಅಸಿ ಅಲ್ವಾ, ಅಂಗೇ ಇರ್ತದೆ" ಎಂದು ಬಸಣ್ಣ ಕುರ್ಚಿ ಎಳೆದುಕೊಂಡ. ನಾನೂ ಎಳೆದುಕೊಂಡು ಅವನ ಭುಜಕ್ಕೆ ಭುಜ ತಾಗುವಂತೆ ಕೂತೆ. ತಾಳೆ ನೋಡುವವನು ದೂರ ಕೂರಬಾರದು.

ಮೊದಲು ವಾಲಿದ ಭೂಮಿಯನ್ನು ನೆಟ್ಟಗೆ ಮಾಡಿದ. ಆಮೇಲೆ ಬಿಳಿ ಯಾವುದೆಂದು ಕಂಪ್ಯೂಟರಿಗೆ ಹೇಳಿಕೊಟ್ಟ. ಬಿಳಿ ಗೊತ್ತಾದರೆ ಮಿಕ್ಕ ಬಣ್ಣಗಳು ತಾವಾಗಿ ತಮ್ಮ ಜಾಗಕ್ಕೆ ಬರುತ್ತವಂತೆ. ಒಂದು ಗುಂಡಿಯನ್ನು ಬಲಕ್ಕೆ ಜರುಗಿಸಿದ, ಅಂಬಲಿಯೊಳಗಿಂದ ಕಾವಿ ಎದ್ದು ಬಂತು. ಇನ್ನೊಂದನ್ನು ಎಡಕ್ಕೆ ಎಳೆದ, ಸೂರ್ಯನ ಸುತ್ತ ಸುಣ್ಣ ಬಳಿದಂತಿದ್ದ ಬಿಳುಪು ಕರಗಿ ದುಂಡನೆಯ ಬಿಂಬ ಕಾಣಿಸಿತು.

"ಇದು ನಮ್ಮ ಸೂರ್ಯನೇ ತಾನೆ?" ಎಂದೆ.

"ಬ್ಯಾರೆ ಸೂರ್ಯನ್ನ ಎಲ್ಲಿಂದ ತರ್ಲಿ ಸಾ? ಇರೋನೊಬ್ಬ."

ಸುಳ್ಳು. ಅವನ ಕಂಪ್ಯೂಟರಿನಲ್ಲಿ 'ಆಕಾಶ' ಎಂಬ ಫೋಲ್ಡರ್ ಇದ್ದದ್ದನ್ನು ನಾನು ಆಗಲೇ ಓರೆಗಣ್ಣಿನಲ್ಲಿ ಕಂಡಿದ್ದೆ. ಮದುವೆ ಆಲ್ಬಮ್ಮುಗಳಲ್ಲಿ ಮೋಡ ಕವಿದ ದಿನ ತಾಳಿ ಕಟ್ಟಿದವರಿಗೂ ನೀಲಿ ಆಕಾಶ ಸಿಗುತ್ತಿದ್ದುದು ಅದರಿಂದಲೇ. ನಾನು ಆ ಕಡೆ ಬೆರಳು ತೋರಿಸಿದೆ.

"ಅದು ಮದ್ವೆ ಗಿರಾಕಿಗಳಿಗೆ ಸಾ. ನಿಮ್ಗೆ ಅಂಗೆ ಮಾಡಾನಾ? ಎಷ್ಟ್ ಅನ್ಮಾನ ಮಾರಾಯ್ರೆ ನಿಮ್ಗೆ!" ಎಂದವನು ಸ್ವಲ್ಪ ಹೊತ್ತು ಬಿಟ್ಟು ತಗ್ಗಿದ ದನಿಯಲ್ಲಿ, "ಒಂಟೆ ಬೇಕಾ? ಮೂರವೆ. ಒಂದ್ ಕೂತಿರೋದು, ಎಲ್ಡ್ ನಿಂತಿರೋವು" ಎಂದ.

ಬೇಡ ಎಂದೆ. ಕಂಬ ತೆಗೆಯಿರಿ ಎಂದೆ, ಕಂಬ ಹೋಯಿತು. ನೀಲಗಿರಿ ಹೋಯಿತು, ಊಟದ ತಟ್ಟೆ ಹೋಯಿತು. ಹೋದ ಕಡೆಯೆಲ್ಲ ಪಕ್ಕದ ಮರಳೇ ಬಂದು ತುಂಬಿಕೊಂಡಿತು. ಒಂದೊಂದು ಅಳಿಸುವಿಕೆಗೂ ನಾನು ಮೂಗು ಪರದೆಗೆ ತಾಗುವಷ್ಟು ಬಗ್ಗಿ, ನಾನು ಹೇಳಿದ್ದಕ್ಕಿಂತ ಹೆಚ್ಚೇನಾದರೂ ಅವನು ತೆಗೆದನೋ, ಹೇಳದ್ದೇನಾದರೂ ಸೇರಿಸಿದನೋ ಎಂದು ಪರೀಕ್ಷಿಸಿದೆ. ಕಂಬದ ನೆರಳು ಉಳಿದುಬಿಟ್ಟಿದ್ದನ್ನು ನಾನೇ ಹಿಡಿದೆ. "ಕಂಬ ಇಲ್ಲದೆ ನೆರಳು ಬಂತಾ ಬಸಣ್ಣ?" ಎಂದು ಕೇಳಿದಾಗ ಅವನ ಮುಖ ನೋಡಬೇಕಿತ್ತು. ಬಾಳಿನಲ್ಲಿ ನಾನು ಅಷ್ಟು ಉಬ್ಬಿದ ದಿನಗಳು ಕಡಿಮೆ.

ಕೊನೆಗೆ ಎಡಮೂಲೆ. ದಿಬ್ಬದ ನೆರಳು ಬಿದ್ದ ಜಾಗ, ಪೂರಾ ಕಪ್ಪು. ಆ ಕಪ್ಪಿನೊಳಗೆ ಇನ್ನೂ ಸ್ವಲ್ಪ ಹೆಚ್ಚು ಕಪ್ಪಾದ ಒಂದು ಗುಪ್ಪೆ. ನನ್ನ ಕೆನ್ನೆಯ ಮಚ್ಚೆಯ ಹಾಗೆ.

"ಇಲ್ಲೇನೋ ಅದೆ ಸಾ. ಮರದ್ ಬೊಡ್ಡೆನಾ? ನೆರಳು ಎತ್ತಿ ನೋಡ್ಲಾ?"

"ನೆರಳು ಎತ್ತಿದರೆ ಏನಾಗುತ್ತೆ?"

"ಕತ್ಲೆ ತಿಳಿಯಾಯ್ತದೆ. ಒಳಗಿರೋದು ಕಾಣ್ತದೆ. ಆದ್ರೆ ಮರಳುಗಾಡಿನ ಕಳೆ ಓಯ್ತದೆ."

ನಾನು ಯೋಚಿಸಿದೆ. ಮರುಭೂಮಿಯಲ್ಲಿ ಬೊಡ್ಡೆ ಎಲ್ಲಿಂದ ಬಂತು? ಗೋಡೆಗೆ ಹಾಕಿದ ಮೇಲೆ ನನ್ನಂಥ ಅನುಮಾನದ ಪಿಶಾಚಿ ಇನ್ನೊಬ್ಬ ಬಂದು ಇದನ್ನು ಹಿಡಿದುಬಿಟ್ಟರೆ?

"ಎತ್ತೋದು ಬೇಡ. ತೆಗೆದುಹಾಕಿ" ಎಂದೆ.

ತೆಗೆದುಹಾಕಿದ.

ಚೌಕಟ್ಟು ಹಾಕಿಸಿ ತಂದು, ಮೊಳೆ ಹೊಡೆದು, ರತ್ನಳನ್ನು ಕರೆದೆ. "ಇಗೋ, ನಿನ್ನ ಮರುಭೂಮಿ" ಎಂದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ತುಂಬ ಹೊತ್ತು ನೋಡಿದಳು. ಮೊದಲು ಒಟ್ಟು ನೋಡಿದಳು. ಆಮೇಲೆ ಹತ್ತಿರ ಹೋಗಿ ಎಡಮೂಲೆಯಲ್ಲಿ ಏನನ್ನೋ ಹುಡುಕಿದಳು. ಬೆರಳಿನಿಂದ ಗಾಜನ್ನು ಒರೆಸಿ ಮತ್ತೆ ನೋಡಿದಳು.

"ಚೆನ್ನಾಗದೆ" ಎಂದಳು. "ನಾನೆಲ್ಲಿ?"

"ನೀನು ಇದರಲ್ಲಿ ಎಲ್ಲಿದ್ದೆ?"

"ಇಲ್ಲೇ ಇದ್ನಲ್ರೀ, ಈ ಮೂಲೇಲಿ! ನೀವು ಕ್ಯಾಮೆರಾನ ಈ ಕಡೆ ತಿರುಗ್ಸಿದ್ರಲ್ಲ, ನನ್ನೂ ಸೇರ್ಸಿ ತಗೀತಾವ್ರೆ ಅಂತ ಅಲ್ಲಾಡ್ದೆ ಕೂತಿದ್ದೆ. ಸೊಂಟ ಇಡ್ಕೊಂಡ್ಬುಟ್ಟಿತ್ತು."

ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಆ ಸಣ್ಣ ಗೆಲುವಿಗೆ ಕಾರಣ ಆಗ ಗೊತ್ತಾಯಿತು. ಕಂಬದ ನೆರಳನ್ನು ಹಿಡಿದವನು ನಾನು; ಹೆಂಡತಿಯನ್ನು ಬೊಡ್ಡೆ ಎಂದು ತೆಗೆಸಿಹಾಕಿದವನೂ ನಾನೇ. ಆ ಕ್ಷಣದಲ್ಲಾದರೂ ನಿಜ ಹೇಳಬೇಕಿತ್ತು. "ಬಸಣ್ಣ ಏನೋ ಟಚಪ್ ಮಾಡುವಾಗ…" ಎಂದು ರಾಗ ಎಳೆದೆ.

"ಅವರಪ್ಪ ನಿಮ್ ಮಚ್ಚೆ ತಗುದ್ರು, ಮಗ ನನ್ನ ತಗುದ" ಎಂದಳು ರತ್ನ. ಆಮೇಲೆ ನನ್ನ ಕಡೆ ತಿರುಗಿ, "ಇದ ಗೋಡೆಗಾಕ್ಬುಟ್ರೆ ಇನ್ನು ಟಿಕೆಟ್ ತಗಿಯೋದ್ ತಪ್ತದೆ ಅಂತ ತಾನೆ? ಮರಳು ತೋರ್ಸಿ ಮರುಳು ಮಾಡೋಕ್ ನಾನೇನ್ ಒಂದ್ನೇ ಕ್ಲಾಸಾ?" ಎಂದಳು.

ನಕಲನ್ನು ಅಸಲಿನೊಂದಿಗೆ ತಾಳೆ ನೋಡುವುದನ್ನು ಅವಳು ಯಾವ ಕಚೇರಿಯಲ್ಲಿ ಕಲಿತಳೋ.

ಅದಾದ ಮೇಲೆ ಅವಳು ಮರುಭೂಮಿಯ ಮಾತೆತ್ತಲಿಲ್ಲ. ಮೊದಲ ರಜೆಯಲ್ಲಿ ನನಗೆ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಎರಡನೆಯ ರಜೆಯಲ್ಲೂ ಎತ್ತದಿದ್ದಾಗ ಅನುಮಾನ ಶುರುವಾಯಿತು. ಅವಳ ತಂಗಿಯ ಜೊತೆ ಹೋಗುವ ಹಂಚಿಕೆಯೇನಾದರೂ ಇದೆಯೇ? ಅವಳ ಮೇಜಿನ ಡ್ರಾಯರ್ ತೆರೆದು ನೋಡಿದೆ. ಹಿಂದೆಲ್ಲ ಅಲ್ಲಿ ರೈಲಿನ ವೇಳಾಪಟ್ಟಿ, ಪತ್ರಿಕೆಯಿಂದ ಕತ್ತರಿಸಿದ ಜೈಸಲ್ಮೇರಿನ ಚಿತ್ರ ಇರುತ್ತಿದ್ದವು. ಈಗ ಸೀಮೆಸುಣ್ಣದ ಡಬ್ಬಿ, ಮಕ್ಕಳ ಹಾಜರಿ ಪಟ್ಟಿ. ಹಂಚಿಕೆ ಏನೂ ಇರಲಿಲ್ಲ. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು. ಬೇಡುವವಳನ್ನು ಇನ್ನೊಂದು ವರ್ಷಕ್ಕೆ ತಳ್ಳಬಹುದು, ಜಗಳವಾಡುವವಳನ್ನು ರಮಿಸಬಹುದು. ಬೇಡುವುದನ್ನೇ ಬಿಟ್ಟವಳಿಗೆ ಏನು ಮಾಡುವುದು? ಅಳಿಸಿದ ಜಾಗದಲ್ಲಿ ಪಕ್ಕದ ಮರಳು ಬಂದು ತುಂಬಿಕೊಂಡಿತ್ತಲ್ಲ, ಹಾಗೆ ಅವಳ ಆಸೆ ಇದ್ದ ಕಡೆ ದಿನದ ಕೆಲಸಗಳು ಬಂದು ತುಂಬಿಕೊಂಡಿದ್ದವು. ಗುರುತೇ ಸಿಗದಷ್ಟು ನಾಜೂಕಾದ ಟಚಪ್.

ಹೋದ ತಿಂಗಳು, ಕಚೇರಿಯಿಂದ ಬಂದವನು ಮನೆಗೆ ಹೋಗದೆ ನೇರ ಬಸಣ್ಣನ ಸ್ಟುಡಿಯೋಕ್ಕೆ ಹೋದೆ.

"ಆ ತಲಕಾಡಿನ ಹಸಿ ಫೋಟೋ ಇದೆಯಾ?"

"ರಾ ಎಲ್ಲೋಯ್ತದೆ ಸಾ? ನಾವ್ ಎಷ್ಟೇ ಟಚಪ್ ಮಾಡುದ್ರೂ ಅಸಲು ಅಂಗೇ ಇರ್ತದೆ. ನಾವ್ ಮಾಡೋದೆಲ್ಲ ನಕಲಿಗೇಯ" ಎಂದ. ಈ ಮಾತನ್ನು ಇಪ್ಪತ್ತೈದು ವರ್ಷ ರೆಕಾರ್ಡು ರೂಮಿನಲ್ಲಿ ಕೂತವನಿಗೆ ಅವನು ಹೇಳಬೇಕಾಯಿತು.

ಅಂಬಲಿ ಆಕಾಶ, ಬೂದಿ ಮರಳು ಮತ್ತೆ ಬಂದವು. ಕಂಬವೂ ಇತ್ತು, ತಟ್ಟೆಗಳೂ ಇದ್ದವು. ಯಾಕೋ ಹಳೆಯ ಪರಿಚಯದವರನ್ನು ಕಂಡ ಹಾಗಾಯಿತು. "ಎಡಮೂಲೆಯ ನೆರಳು ಎತ್ತಿ" ಎಂದೆ. ಬಸಣ್ಣ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ಜರುಗಿಸಿದ. ಬಾವಿಯ ನೀರು ತಿಳಿಯಾದಂತೆ ಕಪ್ಪು ತಿಳಿಯಾಯಿತು. ಮೊದಲು ಕಡುನೀಲಿ ಸೀರೆಯ ಅಂಚು ಬಂತು. ಆಮೇಲೆ ಮಡಿಚಿದ ಮೊಣಕಾಲು, ಪಕ್ಕದಲ್ಲಿ ಜೋಡಿಸಿಟ್ಟ ಚಪ್ಪಲಿ. ಆಮೇಲೆ ಮುಖ.

ಸೂರ್ಯ ಅವಳ ಬೆನ್ನ ಹಿಂದಿದ್ದ. ಅಷ್ಟು ಆಸೆಪಟ್ಟು ಮರಳು ನೋಡಲು ಬಂದವಳು ಸೂರ್ಯಾಸ್ತವನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಬಲಗೈ ಮೇಲೆ ಎತ್ತಿದ್ದಳು, ಬೆರಳು ಬಿಡಿಸಿ, ಯಾರನ್ನೋ ಹತ್ತಿರ ಕರೆಯುವ ಹಾಗೆ.

"ಅಯ್ಯಯ್ಯೋ, ಮೇಡಮ್ಮೋರು ಕಣ್ ಸಾ!" ಎಂದ ಬಸಣ್ಣ. ಗುಂಡಿಯಿಂದ ಕೈ ತೆಗೆದ. ನಾನು ಅಭ್ಯಾಸಬಲದಿಂದ ಪರದೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಸರಿಸುತ್ತ ಹೋದೆ, ಕೈಯಿಂದ ಮುಖಕ್ಕೆ, ಮುಖದಿಂದ ಚಪ್ಪಲಿಗೆ. ಅವತ್ತು ಮಾಡಬೇಕಿದ್ದ ಕೆಲಸವನ್ನು ಮೂರು ವರ್ಷ ತಡವಾಗಿ ಮಾಡಿದೆ.

ಬಸಣ್ಣ ಅದನ್ನು ಹಾಗೆಯೇ, ಒಂದು ಗುಂಡಿಯನ್ನೂ ಇನ್ನಷ್ಟು ಜರುಗಿಸದೆ, ಪ್ರಿಂಟು ಹಾಕಿಕೊಟ್ಟ. ಮನೆಗೆ ತಂದು ರತ್ನಳ ಮುಂದಿಟ್ಟೆ. ಬೊಡ್ಡೆಯ ಸಂಗತಿಯನ್ನೂ ಹೇಳಿದೆ. ತೆಗೆಯಲು ಹೇಳಿದ್ದು ನಾನೇ ಎಂದೆ.

"ಗೊತ್ತು" ಎಂದಳು. "ಮಾರ್ನೇ ದಿನಾನೇ ಬಸಣ್ಣನ್ನ ಬೀದೀಲಿ ನಿಲ್ಸಿ ಕೇಳ್ದೆ. ಬೊಡ್ಡೆ ಅಂತ ನೀವೇ ತಗುಸುದ್ರಂತೆ." ಸ್ವಲ್ಪ ಹೊತ್ತು ಫೋಟೋ ನೋಡಿದಳು. "ತಟ್ಟೆ ಎಲ್ಲಾ ಅಂಗೇ ಅವೆ" ಎಂದು ನಕ್ಕಳು.

ಮೂರು ವರ್ಷ ಗೊತ್ತಿದ್ದೂ ಸುಮ್ಮನಿದ್ದಳು! ನಮ್ಮ ಮನೆಯಲ್ಲಿ ಅನುಮಾನ ನನ್ನ ಖಾತೆ. ಪುರಾವೆ ಮಾತ್ರ ಯಾವಾಗಲೂ ಅವಳ ಹತ್ತಿರ.

"ಕೈ ಯಾಕೆ ಎತ್ತಿದ್ದೆ?" ಎಂದು ಕೇಳಿದೆ. "ನನ್ನ ಕರೀತಿದ್ಯಾ?"

"ಅಯ್ಯೋ ಅದಾ? ಸೊಳ್ಳೆ ಓಡುಸ್ತಿದ್ದೆ ಕಣ್ರೀ."

ಅಲ್ಲಾಡದೆ ಕೂತಿದ್ದೆ ಎಂದು ಹಿಂದೆ ಹೇಳಿದ್ದವಳು ಈಗ ಸೊಳ್ಳೆ ಓಡಿಸುತ್ತಿದ್ದೆ ಎನ್ನುತ್ತಾಳೆ. ಎರಡು ಹೇಳಿಕೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಚೇರಿಯಾಗಿದ್ದರೆ ಕಾಗದ ವಾಪಸು ಕಳಿಸುತ್ತಿದ್ದೆ. ಇಲ್ಲಿ ಬಾಯಿ ಮುಚ್ಚಿಕೊಂಡು, ಅವಳು ಅಡುಗೆಮನೆಗೆ ಹೋದ ಮೇಲೆ ಜೈಸಲ್ಮೇರಿಗೆ ಎರಡು ಟಿಕೆಟ್ಟು ತೆಗೆದೆ. ರದ್ದು ಮಾಡುವ ನಿಯಮಗಳನ್ನು ಓದಲಿಲ್ಲ. ಇದು ನನ್ನ ಜನ್ಮದಲ್ಲಿ ಮೊದಲು.

ಕ್ಯಾಮೆರಾ ಬ್ಯಾಗನ್ನು ಕೊಡವಿದ್ದು ಅದಕ್ಕೇ. ನಾಳೆ ಬೆಳಿಗ್ಗೆ ಹೊರಡುವುದು. ಹೊಟ್ಟೆ ಈಗಾಗಲೇ ಸಣ್ಣಗೆ ಗುಡುಗುಡು ಎನ್ನುತ್ತಿದೆ. ಅದರ ಮಾತು ಕೇಳುವುದಿಲ್ಲವೆಂದು ಅದಕ್ಕೆ ಹೇಳಿದ್ದೇನೆ. ನೆಲದ ಮೇಲೆ ಬಿದ್ದ ತಲಕಾಡಿನ ಮರಳನ್ನು ಗುಡಿಸಲು ಮನಸ್ಸಾಗಲಿಲ್ಲ. ಒಂದು ಕಾಗದದ ಮೇಲೆ ಬಳಿದುಕೊಂಡು, ಮಡಿಚಿ ಪೊಟ್ಟಣ ಕಟ್ಟಿ, ಹೊಟ್ಟೆನೋವಿನ ಮಾತ್ರೆಗಳ ಪಕ್ಕದಲ್ಲಿಟ್ಟೆ. ಅಲ್ಲಿಯ ಮರಳು ಅಸಲಿಯೋ ಅಲ್ಲವೋ, ಪಕ್ಕದಲ್ಲಿಟ್ಟು ನೋಡಬೇಡವೆ?

ರತ್ನ ಸೀರೆ ಮಡಿಚುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಒಂದ್ ಮಾತು. ಅಲ್ಲಿ ಕ್ಯಾಮೆರಾ ನನ್ನ ಕೈಲಿ. ನೀವು ಮರಳ ಮೇಲೆ ಓಗಿ ಕೂತ್ಕೋಬೇಕು" ಎಂದಳು.

"ಟಚಪ್ಪಿನಲ್ಲಿ ನನ್ನನ್ನು ತೆಗೆಸಿಬಿಟ್ಟರೆ?"

"ನೋಡೋವ" ಎಂದಳು.

ಅವಳನ್ನು ನಂಬುವ ಹಾಗಿಲ್ಲ. ಅದಕ್ಕೇ ನಾನೊಂದು ತೀರ್ಮಾನ ಮಾಡಿದ್ದೇನೆ. ಕೂರುವಾಗ ಬಲಗೈ ಎತ್ತಿ, ಬೆರಳು ಬಿಡಿಸಿಕೊಂಡೇ ಕೂರುವುದು. ವಿಚಾರಿಸಿ ನೋಡಿದೆ, ಆ ಕಡೆ ಮರಳ ಮೇಲೆ ಸೊಳ್ಳೆ ಇರುವುದಿಲ್ಲವಂತೆ.